‘ಬೈ ಟು ಎ’ ಯಾವುದಕ್ಕೆ?

ತಡಸವಿರಲಿ, ಹಾನಗಲ್ಲಿರಲಿ, ಹತ್ತನೆಯ ತರಗತಿಯ ಮಕ್ಕಳು ವರ್ಗಸಮೀಕರಣದ ಸೂತ್ರವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ: ‘ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಬೈ ಟು ಎ’. ರೂಟ್ ಎಲ್ಲಿಗೆ ಮುಗಿಯಿತು? ‘ಬೈ ಟು ಎ’ ಇಡೀ ಸಾಲಿಗೋ, ಬರೀ ‘ಫೋರ್ ಎಸಿ’ಗೋ? ಕಿವಿಗೆ ತಿಳಿಯದು, ಹಲಗೆಯ ಮೇಲೆ ಗೆರೆ ಎಳೆದಾಗಲೇ ಗೊತ್ತಾಗುವುದು.

ಪುಟ ಜೋಡಿಸುವ ಸಾಫ್ಟ್‌ವೇರಿಗೂ ಇದೇ ತಲೆನೋವು. 1977ರಲ್ಲಿ ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮದೇ ಪುಸ್ತಕದ ಕರಡಚ್ಚು ನೋಡಿ ಬೇಸತ್ತು ‘ಟೆಕ್’ ಎಂಬ ತಂತ್ರಾಂಶ ಬರೆಯಲು ಕುಳಿತರು. ಅದರೊಳಗೆ ಸೂತ್ರವೆಂದರೆ ಚಿತ್ರವಲ್ಲ, ಸಾಲೂ ಅಲ್ಲ. ಪ್ರತಿ ಚಿಹ್ನೆಗೂ ಮೂರು ಖಾನೆ: ನಡುವೆ, ಮೇಲೆ, ಕೆಳಗೆ. ‘ಬಿ ಸ್ಕ್ವೇರ್’ನಲ್ಲಿ ನಡುವಿನ ಖಾನೆಗೆ ಬಿ, ಮೇಲಿನದಕ್ಕೆ 2. ಒಂದು ಖಾನೆಯಲ್ಲಿ ಇನ್ನೊಂದು ಇಡೀ ಸೂತ್ರವೇ ಕೂರಬಹುದು. ಭಿನ್ನರಾಶಿಗೆ ಅಂಶ, ಛೇದ ಎಂಬ ಎರಡು ಕೊಂಬೆ. ಅಂಶದ ಕೊಂಬೆಯಲ್ಲಿ ವರ್ಗಮೂಲ, ಅದರ ಹೊಟ್ಟೆಯಲ್ಲಿ ‘ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ’. ಒಟ್ಟಿನಲ್ಲಿ ಒಂದು ಮರ.

ಮೈನಸ್ಸಿನ ಕಥೆ ಇನ್ನೂ ಸೊಗಸು. ಎರಡು ಪದಗಳ ನಡುವೆ ಬಂದರೆ ಅದು ಕಳೆಯುವ ಚಿಹ್ನೆ: ಅಕ್ಷರದ ಅಳತೆಯನ್ನು 18 ಪಾಲು ಮಾಡಿದರೆ ಅದರ ಎಡಬಲಕ್ಕೆ ನಾಲ್ಕು ನಾಲ್ಕು ಪಾಲು ಜಾಗ. ಮೊದಲಿಗೇ ಬಂದರೆ ಋಣಚಿಹ್ನೆಯೆಂದು ತಿಳಿದು ಟೆಕ್ ಅದನ್ನು ಬಿಗೆ ಅಂಟಿಸಿಬಿಡುತ್ತದೆ. ನುರಿತ ಅಚ್ಚುಮೊಳೆ ಜೋಡಿಸುವವನ ಕಣ್ಣಂದಾಜು ಇಲ್ಲಿ ನಿಯಮವಾಗಿ ಕೂತಿದೆ.

ಒತ್ತಕ್ಷರ ಬರೆಯುವ ಕನ್ನಡಿಗರಿಗೆ ಹೀಗೆ ಆಕಾರದ ಬದಲು ರಚನೆಯನ್ನು ನೆನಪಿಡುವುದು ತೀರಾ ಹೊಸದಲ್ಲ. ‘ಶಾಸ್ತ್ರ’ದಲ್ಲಿ ಸಕಾರದ ಅಡಿಗೆ ತ, ರ ಒತ್ತುಗಳು ಕೂತಿದ್ದರೂ ಯೂನಿಕೋಡ್ ನೆನಪಿಡುವುದು ಆಕಾರವನ್ನಲ್ಲ, ಶ, ದೀರ್ಘ, ಸ, ವಿರಾಮ, ತ, ವಿರಾಮ, ರ ಎಂಬ ಏಳು ಸಂಕೇತಗಳನ್ನು. ಒತ್ತು ಎಲ್ಲಿ ಕೂರಬೇಕೆಂಬುದು ಫಾಂಟಿನ ಕೆಲಸ. ಹಳೆಯ ‘ನುಡಿ’ ಫಾಂಟಿನ ಕಡತಗಳಲ್ಲಿ ಇದ್ದದ್ದು ಅಕ್ಷರದ ಚೂರುಗಳ ಸಂಕೇತ. ಹಾಗಾಗಿಯೇ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ವಿಚಿತ್ರ ಗೀಚು ಕಾಣುತ್ತದೆ.

ಸೂತ್ರವನ್ನು ಚಿತ್ರವಾಗಿ ಅಂಟಿಸಿದರೂ ಇಂಥದ್ದೇ ಪಾಡು: ಹುಡುಕಲಾಗದು, ತಿದ್ದಲಾಗದು. 1998ರಲ್ಲಿ ಬಂದ ‘ಮ್ಯಾಥ್‌ಎಂಎಲ್’ ಆ ಮರವನ್ನೇ ವೆಬ್ ಪುಟದೊಳಗೆ ಬರೆದಿಡುವ ಪದ್ಧತಿ. ಕಣ್ಣು ಕಾಣದ ವಿದ್ಯಾರ್ಥಿಗೆ ಇಂಥ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಭಿನ್ನರಾಶಿ ಶುರುವಾಯಿತು, ರೂಟ್ ಮುಗಿಯಿತು ಎಂದು ಬಿಡಿಸಿ ಹೇಳಬಲ್ಲವು. ‘ಬೈ ಟು ಎ’ ಯಾವುದಕ್ಕೆ ಎಂದು ಆ ಹುಡುಗ ಅಕ್ಕಪಕ್ಕದವರನ್ನು ಕೇಳಬೇಕಿಲ್ಲ.