62 ಕೆಜಿ ಹಠ

ಡಿಸೆಂಬರ್ ತಿಂಗಳು. ಜಾವಳಿಯ ನಮ್ಮ ಕಣದ ತುಂಬ ಕಾಫಿ ಹರವಿದೆ. ಮಂಜು ಕರಗಿ ಬಿಸಿಲು ಬಿದ್ದದ್ದೇ ತಡ, ಮರಿ ಬಂದು ನಡು ಕಣದಲ್ಲೇ ಕಾಲು ಚಾಚಿ ಮಲಗುತ್ತದೆ. "ಅಯ್ಯಾ, ನಿಮ್ ಕರೂನ ಎಬ್ಸಿ, ಕಾಫಿ ಕೆದರ್ಬೇಕು" ಎಂದು ಕೆಲಸದ ಹೆಂಗಸು ಕೂಗುತ್ತಾಳೆ. ಹೋಗಿ ಗದರಿಸಿದರೆ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಳ್ಳುತ್ತದೆ. ಕೊರಳಪಟ್ಟಿ ಹಿಡಿದು ಎಳೆದರೆ ಇನ್ನಷ್ಟು ಭಾರವಾಗುತ್ತದೆ. ಕೊನೆಗೆ ಆಕೆ ಅದರ ಸುತ್ತ ಬಳಸಿಕೊಂಡು ಕೆದರುತ್ತಾಳೆ. ಸಂಜೆ ಅದು ಎದ್ದುಹೋದ ಮೇಲೆ ನೋಡಿದರೆ, ನಾಯಿಯಾಕಾರದ ಒಂದು ಜಾಗದಲ್ಲಿ ಮಾತ್ರ ಕಾಫಿ ಒಣಗದೆ ಉಳಿದಿರುತ್ತದೆ.

ಮರಿ ಗ್ರೇಟ್ ಡೇನ್ ಜಾತಿಯದು. ತಂದಾಗ ಮಡಿಲಲ್ಲಿ ಹಿಡಿಯುವಷ್ಟಿತ್ತು. ಒಳ್ಳೆಯ ಹೆಸರು ಹೊಳೆಯುವ ತನಕ ಇರಲಿ ಎಂದು ಮರಿ ಅಂತ ಕರೆದೆವು; ಹೆಸರು ಹೊಳೆಯಲೇ ಇಲ್ಲ. ಹೋದ ವರ್ಷ ಮೂಟೆ ತೂಗುವ ತಕ್ಕಡಿಯ ಮೇಲೆ ಒಣಮೀನು ಇಟ್ಟು ಉಪಾಯದಿಂದ ಹತ್ತಿಸಿದೆ. 62 ಕೆಜಿ. ಕಾಫಿ ಮೂಟೆ 50 ಕೆಜಿ ಲೆಕ್ಕ, ಅಂದರೆ ಇದು ಒಂದು ಮೂಟೆ ಮತ್ತು ಹನ್ನೆರಡು. ಮೂಟೆಯನ್ನಾದರೂ ಎತ್ತಿಡಬಹುದು, ಅದು ಎದುರು ಎಳೆಯುವುದಿಲ್ಲ.

ಇದನ್ನು ಹಠ ಅನ್ನುತ್ತೇವೆ. ಐದು ವರ್ಷ ಜೊತೆಗಿದ್ದು ನೋಡಿದ ಮೇಲೆ ನನಗನ್ನಿಸಿದ್ದು, ಹಠದ ಮುಕ್ಕಾಲು ಪಾಲು ಇರುವುದು ನಾಯಿಯ ಮನಸ್ಸಿನಲ್ಲಲ್ಲ, ಮೈಯಲ್ಲಿ.

ಎಳೆದಾಟವನ್ನೇ ನೋಡಿ. ನಿಂತ ನಾಯಿಯ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಬೀಳುವುದು ಮುಂಗಾಲುಗಳ ಮೇಲೆ. ಮುಂದಿನಿಂದ ಎಳೆದರೆ ಅದು ಸೊಂಟವನ್ನು ಹಿಂದಕ್ಕೆ ತಗ್ಗಿಸಿ, ಮುಂಗಾಲುಗಳನ್ನು ಊರುಗಂಬದಂತೆ ಎದುರಿಗೆ ಚಾಚುತ್ತದೆ, ಉಗುರು ನೆಲಕ್ಕೆ ಕಚ್ಚುತ್ತದೆ. ಇದಕ್ಕೆ ಯೋಚನೆಯೇನೂ ಬೇಕಿಲ್ಲ. ಕೊಟ್ಟಿಗೆಹಾರದ ಬಸ್ಸಿನಲ್ಲಿ ಯಾರೋ ಮೈಮೇಲೆ ವಾಲಿದರೆ ನಾವು ತಿಳಿಯದೆಯೇ ಅವರ ಕಡೆಗೆ ಒತ್ತುತ್ತೇವಲ್ಲ, ಅದೇ. ನಾಲ್ಕು ಕಾಲಿನ, ಉಗುರಿರುವ, 62 ಕೆಜಿ ಪ್ರಾಣಿ ಒಂದು ಕಡೆ. ಎರಡು ಕಾಲಿನ, ಸವೆದ ಚಪ್ಪಲಿಯ ನಾನು ಇನ್ನೊಂದು ಕಡೆ. ಜೂನ್ ತಿಂಗಳ ಕೆಸರಿನಲ್ಲಿ ಜಾರಿ ಬೀಳುವುದು ಯಾರೆಂದು ಹೇಳಬೇಕಿಲ್ಲ. ಹಗ್ಗ ಸಡಿಲ ಬಿಟ್ಟು, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದರೆ ಒತ್ತಲು ಎದುರಿಗೆ ಏನೂ ಇರುವುದಿಲ್ಲ. ಆಗ ತಾನಾಗಿ ಹಿಂದೆ ಬರುತ್ತದೆ. ಹತ್ತರಲ್ಲಿ ಏಳು ಸಲ.

ಬಾರದ ಮೂರು ಸಲ ಸಾಮಾನ್ಯವಾಗಿ ಏರಿನಲ್ಲಿ. ತೋಟದ ತಗ್ಗಿನಿಂದ ರಸ್ತೆಗೆ ಹತ್ತುವಾಗ ಅರ್ಧದಲ್ಲಿ ಧೊಪ್ಪನೆ ಕೂತುಬಿಡುತ್ತದೆ. ನಮ್ಮ ಲೈನಿನ ಮನೆಗಳ ಕಂತ್ರಿ ನಾಯಿ, ಹದಿನೈದು ಕೆಜಿ ಇದ್ದೀತು, ಅದನ್ನು ಸುತ್ತು ಹಾಕಿಕೊಂಡು ಮೇಲೆ ಓಡುತ್ತದೆ. ಲೆಕ್ಕ ಹೀಗಿದೆ: ಮರಿಯ ತೂಕ ಕಂತ್ರಿಯ ನಾಲ್ಕು ಪಟ್ಟು, ಆದರೆ ಚರ್ಮದ ವಿಸ್ತೀರ್ಣ ಎರಡೂವರೆ ಪಟ್ಟು ಮಾತ್ರ. ಬಿಸಿ ಹುಟ್ಟುವುದು ಮಾಂಸಖಂಡದಲ್ಲಿ, ಹೊರಗೆ ಹೋಗಬೇಕಾದ್ದು ಮೈಯ ಮೇಲ್ಮೈಯಿಂದ. ದೊಡ್ಡ ಮೈಗೆ ಈ ಬಾಗಿಲು ಚಿಕ್ಕದು. (ಊಟದಲ್ಲಿ ಮಾತ್ರ ಸ್ವಲ್ಪ ಉಳಿತಾಯ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕಂಡುಕೊಂಡ ನಿಯಮದಂತೆ ನಾಲ್ಕು ಪಟ್ಟು ತೂಕದ ನಾಯಿಗೆ ಬೇಕಾಗುವುದು ಸುಮಾರು 2.8 ಪಟ್ಟು ಆಹಾರ. ಅಕ್ಕಿ ಡಬ್ಬ ನೋಡಿದರೆ ನಮ್ಮಮ್ಮ ಇದನ್ನು ಒಪ್ಪುವುದಿಲ್ಲ.)

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಅಂಗಾಲಲ್ಲಿ ಅಷ್ಟೆ. ಬಿಸಿ ಕಳೆದುಕೊಳ್ಳುವ ಮುಖ್ಯ ದಾರಿ ಏದುಸಿರು: ಮೂಗು, ನಾಲಿಗೆಗಳ ತೇವ ಆರಬೇಕು, ಆರುತ್ತ ಬಿಸಿಯನ್ನು ಒಯ್ಯಬೇಕು. ಸುಮ್ಮನಿರುವಾಗ ನಿಮಿಷಕ್ಕೆ ಇಪ್ಪತ್ತರ ಆಸುಪಾಸಿನ ಉಸಿರು ಆಗ ಮುನ್ನೂರಕ್ಕೆ ಏರುತ್ತದೆ. ಅಷ್ಟು ವೇಗವಾಗಿ ಎದೆ ಆಡಿಸಿದರೆ ಅದರಿಂದಲೇ ಮೈ ಬಿಸಿಯಾಗಬೇಡವೆ? ಹಾಗಾಗದಿರುವುದಕ್ಕೆ ಒಂದು ಚಂದದ ಕಾರಣವಿದೆ. ಎದೆಗೂಡಿಗೆ ತನ್ನದೇ ಒಂದು ತೂಗುವ ಲಯವಿದ್ದು, ನಾಯಿ ಏದುಸಿರು ಬಿಡುವುದು ಆ ಲಯದಲ್ಲೇ. ತೊಟ್ಟಿಲು ತೂಗುವಾಗ ಸರಿಯಾದ ಹೊತ್ತಿಗೆ ಬೆರಳು ತಾಗಿಸಿದರೆ ಸಾಕಾಗುತ್ತದಲ್ಲ, ಹಾಗೆ ಕಡಿಮೆ ಶ್ರಮದಲ್ಲಿ ಕೆಲಸ ನಡೆಯುತ್ತದೆ.

ಆದರೆ ಜಾವಳಿ ಹೇಮಾವತಿ ಹುಟ್ಟುವ ಊರು. ಜುಲೈ ತಿಂಗಳಲ್ಲಿ ಒಗೆದ ಪಂಚೆ ನಾಲ್ಕು ದಿನವಾದರೂ ಒಣಗದ ಕಡೆ ನಾಯಿಯ ನಾಲಿಗೆ ಹೇಗೆ ಒಣಗೀತು? ಗಾಳಿಯಲ್ಲಿ ಮೊದಲೇ ನೀರು ತುಂಬಿರುವಾಗ ತೇವ ಆರುವುದು ನಿಧಾನ. ನಾವು ಸ್ವೆಟರ್ ಹಾಕಿಕೊಂಡು ನಡುಗುವಾಗಲೂ ಏರು ಹತ್ತಿದ ಮರಿ ನಾಲಿಗೆ ಹೊರಹಾಕಿ ಕೂರುವುದು ಅದಕ್ಕೇ. ಅದು ಕೂತದ್ದು ನಮ್ಮನ್ನು ಸತಾಯಿಸಲು ಅಲ್ಲ. ಒಮ್ಮೆ ಬಿಸಿಯೂ ಇಲ್ಲದೆ ಸಮತಟ್ಟಿನಲ್ಲೇ ನಿಂತುಬಿಟ್ಟಿತು. ಬೈದು ಸಾಕಾಗಿ ಬಗ್ಗಿ ಕಾಲು ಎತ್ತಿ ನೋಡಿದರೆ ಬೆರಳ ಸಂದಿಯಲ್ಲಿ ಆರು ಇಂಬಳ, ದ್ರಾಕ್ಷಿಯಷ್ಟು ಊದಿದ್ದವು. ಸುಣ್ಣ ತಾಗಿಸಿ ಉದುರಿಸಿದ ಮೇಲೂ ಅರ್ಧ ಗಂಟೆ ರಕ್ತ ಒಸರಿತು. ಹೆಪ್ಪುಗಟ್ಟದಂತೆ ಮಾಡುವ ಪದಾರ್ಥವನ್ನು ಇಂಬಳ ಗಾಯದೊಳಗೆ ಬಿಟ್ಟಿರುತ್ತದೆ.

ಇನ್ನು ತಳಿಯ ಮಾತು. ಮೂಡಿಗೆರೆ ಕಡೆಯವನು ನಾಯಿಯ ಬಗ್ಗೆ ಬರೆಯಲು ಕೂತರೆ ಲೇಖಕ ತೇಜಸ್ವಿಯವರ ನಾಯಿ 'ಕಿವಿ' ಎದುರು ಬಂದು ನಿಲ್ಲುತ್ತದೆ. ಅದು ಸ್ಪೇನಿಯಲ್, ಬಂದೂಕಿನವನ ಜೊತೆ ಕೆಲಸ ಮಾಡಲು ಬೆಳೆಸಿದ ಜಾತಿ. ಗ್ರೇಟ್ ಡೇನ್‌ಗೆ ಡೆನ್ಮಾರ್ಕಿನ ಹೆಸರಿದ್ದರೂ ಅದು ಜರ್ಮನಿಯಲ್ಲಿ ರೂಪುಗೊಂಡ ತಳಿ. ಅದರ ಹಿರೀಕರ ಕೆಲಸ ಕಾಡುಹಂದಿಯನ್ನು ಅಡ್ಡಗಟ್ಟಿ ಹಿಡಿದು ನಿಲ್ಲುವುದು. ಹಂದಿಯ ಕೋರೆಯೆದುರು ನಿಂತ ನಾಯಿ ಪ್ರತಿ ಹೆಜ್ಜೆಗೂ ಒಡೆಯನ ಮುಖ ನೋಡುತ್ತಿದ್ದರೆ ಬದುಕುವುದಿಲ್ಲ. ನಮ್ಮಲ್ಲೂ ಅಂಥ ನಾಯಿ ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವ ಹತ್ತನೇ ಶತಮಾನದ ಶಾಸನದ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ಅರಸ ಬೂತುಗನ ಕೈಕೆಳಗಿನ ವೀರ ಮಣಲೇರ, ತಕ್ಕೋಲದ ಯುದ್ಧದಲ್ಲಿ ಮೆರೆದದ್ದಕ್ಕೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಎರಡೂ ಸತ್ತವು. ಸತ್ತ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಮ್ಮ ಮರಿ ತೋಟಕ್ಕೆ ಹಂದಿ ನುಗ್ಗಿದ ರಾತ್ರಿ ಜಗಲಿಯಿಂದ ಎರಡು ಸಲ ಬೊಗಳಿ ಜೀಪಿನಡಿ ಸೇರಿಕೊಂಡಿತು. ತಳಿಯ ಗುಣದಲ್ಲಿ ಒಡೆಯನ ಮುಖ ನೋಡದಿರುವುದು ಮಾತ್ರ ಉಳಿದುಕೊಂಡಿದೆ.

ಹಠದ ಉಳಿದ ಕಾಲು ಪಾಲು ನಾವೇ ಕಲಿಸಿದ್ದು. ತಿಂಡಿಯ ಹೊತ್ತಿಗೆ ಮೇಜಿನ ಮೇಲೆ ಗದ್ದ ಊರಿ ನಿಲ್ಲುತ್ತದೆ, ನಿಂತಲ್ಲಿಂದಲೇ ಅದಕ್ಕೆ ತಟ್ಟೆ ಕಾಣುತ್ತದೆ. ಒಂಬತ್ತು ದಿನ ಏನೂ ಕೊಡದ ಅಮ್ಮ ಹತ್ತನೇ ದಿನ ಕನಿಕರಪಟ್ಟು ಒಂದು ಚೂರು ಅಕ್ಕಿರೊಟ್ಟಿ ಹಾಕುತ್ತಾರೆ. ದಿನಾ ಸಿಗುವ ತುಂಡಿಗಿಂತ ಯಾವಾಗಲೋ ಒಮ್ಮೆ ಸಿಗುವ ತುಂಡು ಅಭ್ಯಾಸವನ್ನು ಗಟ್ಟಿ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಇಸ್ಪೀಟಿನ ಚಟ ಬಿಡದಿರುವುದೂ ಇದರಿಂದಲೇ.

ಇಷ್ಟು ದೊಡ್ಡ ಮೈಗೆ ತೆರಬೇಕಾದ ಬೆಲೆ ಆಯಸ್ಸು. ಬೇರೆ ಬೇರೆ ತಳಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೂಕ ಎರಡು ಕೆಜಿ ಹೆಚ್ಚಿದಂತೆ ಆಯಸ್ಸು ಸುಮಾರು ಒಂದು ತಿಂಗಳು ಇಳಿಯುತ್ತದೆ. 112 ಸೆಂಟಿಮೀಟರ್ ಎತ್ತರದಿಂದ ಗಿನ್ನೆಸ್ ದಾಖಲೆ ಸೇರಿದ ಅಮೆರಿಕದ ಜ್ಯೂಸ್ ಎಂಬ ಗ್ರೇಟ್ ಡೇನ್ ಬದುಕಿದ್ದು ಐದೇ ವರ್ಷ. ಬೇಗ ಬೆಳೆಯುವ ಮೈ ಬೇಗ ಮುಪ್ಪಾಗುತ್ತದೆ.

ಮರಿಗಿಂತ ಮೊದಲು ನಮ್ಮಲ್ಲಿ ಇದೇ ಜಾತಿಯ ಇನ್ನೊಂದು ನಾಯಿ ಇತ್ತು. ಒಂದು ರಾತ್ರಿ ಊಟವಾದ ಮೇಲೆ ಗೂಡಿಗೆ ಹೋಗಲು ಒಪ್ಪಲಿಲ್ಲ. ಅಂಗಳದಲ್ಲಿ ಕೂರುವುದು, ಏಳುವುದು, ವಾಂತಿಗೆ ಬಂದವರಂತೆ ಕತ್ತು ಚಾಚುವುದು. ಹಠ ಮಾಡ್ತಿದೆ, ಬಿಡು ಅಂದುಕೊಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಹೊಟ್ಟೆ ಡೋಲಿನಂತೆ ಉಬ್ಬಿ ಸತ್ತಿತ್ತು. ಆಳವಾದ ಎದೆಗೂಡಿನ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಎರಡೂ ತುದಿ ಮುಚ್ಚುತ್ತದೆ, ರಕ್ತದ ಓಟ ನಿಲ್ಲುತ್ತದೆ. ಈ ಅಪಾಯ ಹೆಚ್ಚಿರುವ ತಳಿಗಳಲ್ಲಿ ಗ್ರೇಟ್ ಡೇನ್ ಮುಂಚೂಣಿಯಲ್ಲಿದೆ. ಮರಿಗೆ ಈಗ ಒಂದೇ ಸಲ ರಾಶಿ ಹಾಕುವುದಿಲ್ಲ, ಮೂರು ಹೊತ್ತಿಗೆ ಹಂಚಿ ಹಾಕುತ್ತೇವೆ.

ನಿಮ್ಮ ಮನೆಯಲ್ಲಿ ಇಂಥ ನಾಯಿ ಇದ್ದರೆ, ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದೆ ಒದ್ದಾಡುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಶಸ್ತ್ರಚಿಕಿತ್ಸೆ ಮಾಡಬಲ್ಲ ಪಶುವೈದ್ಯರ ಫೋನ್ ನಂಬರನ್ನು ಇವತ್ತೇ ಗೋಡೆಯ ಮೇಲೆ ಬರೆದಿಡಿ, ಜೀಪಿಗೆ ಡೀಸೆಲ್ ಇದೆಯೇ ನೋಡಿಕೊಳ್ಳಿ. ಆ ನಾಯಿಗೆ ಇರುವುದು ಕೆಲವೇ ಗಂಟೆ.