ಜೋಕಾಲಿಯ ಕೆಳಗಿನ ನೆಲ

ನಾಗರಪಂಚಮಿ ಬಂತೆಂದರೆ ನಾಲತವಾಡ, ಮುದ್ದೇಬಿಹಾಳ, ತಾಳಿಕೋಟೆಯ ಸುತ್ತಿನ ಊರುಗಳಲ್ಲಿ ಬೇವಿನ ಮರಕ್ಕೆ, ಹುಣಸೆ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಹಗ್ಗ ಗಟ್ಟಿ ಇರಬೇಕು, ಕೊಂಬೆ ಹಸಿಯದಾಗಿರಬೇಕು. ಮಕ್ಕಳನ್ನು ಕೂರಿಸುವ ಮೊದಲು ದೊಡ್ಡವರೊಬ್ಬರು ಹತ್ತಿ ಜೋರಾಗಿ ಜೀಕಿ ನೋಡುತ್ತಾರೆ. ಶ್ರಾವಣದ ಮಳೆಗೆ ಕೆಳಗಿನ ಮಣ್ಣೂ ಮೆತ್ತಗಾಗಿರುತ್ತದೆ. ಹಬ್ಬ ಮುಗಿದರೆ ಹಗ್ಗ ಬಿಚ್ಚಿ ಒಳಗಿಡುತ್ತಾರೆ. ಶಾಲೆಯ ಅಂಗಳದಲ್ಲೋ ಉದ್ಯಾನದಲ್ಲೋ ನಿಲ್ಲಿಸಿದ ಕಬ್ಬಿಣದ ಜೋಕಾಲಿಗೆ ಈ ಉಪಚಾರ ಒಂದೂ ಸಿಗುವುದಿಲ್ಲ. ಅದು ವರ್ಷವಿಡೀ ಬಿಸಿಲು ಮಳೆಗೆ ಅಲ್ಲೇ ನಿಂತಿರುತ್ತದೆ. ಅದನ್ನು ಜೀಕಿ ಪರೀಕ್ಷಿಸುವ ದೊಡ್ಡವರಿಲ್ಲ, ಏಪ್ರಿಲ್‌ನಲ್ಲಿ ಅದರ ಕೆಳಗಿನ ನೆಲ ಕಲ್ಲಿನಷ್ಟು ಬಿರುಸು.

ಆಟದ ಸಾಮಾನು ಹಾಕಿಸುವಾಗ ಎಲ್ಲರ ಕಣ್ಣೂ ಬಣ್ಣದ ಮೇಲೆ, ಎತ್ತರದ ಮೇಲೆ, ಎಷ್ಟು ಬಂದವು ಎಂಬ ಲೆಕ್ಕದ ಮೇಲೆ ಇರುತ್ತದೆ. ಮಗುವಿನ ತಲೆಯನ್ನೂ ಕೈಯನ್ನೂ ಕಾಯುವುದು ಮಾತ್ರ ಆ ಸಾಮಾನಿನ ಕೆಳಗಿನ ನೆಲ. ಅಮೆರಿಕದಲ್ಲಿ ಆಟದ ಅಂಗಳದಲ್ಲಿ ಪೆಟ್ಟಾಗಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ಮೇಲಿಂದ ಬಿದ್ದವರೇ.

ಎರಡು ಮೀಟರ್ ಎತ್ತರದ ಜಾರುಬಂಡಿಯ ತುದಿಯಿಂದ ಮಗು ನೆಲ ಮುಟ್ಟಲು 0.64 ಸೆಕೆಂಡ್ ಸಾಕು. ಓಡಿಹೋಗಿ ಹಿಡಿಯಲು ಯಾವ ತಾಯಿಗೂ ಆಗದು. ನೆಲ ಮುಟ್ಟುವ ಹೊತ್ತಿಗೆ ಮಗುವಿನ ವೇಗ ಗಂಟೆಗೆ ಸುಮಾರು 22 ಕಿ.ಮೀ. ಈ ವೇಗ ಎಷ್ಟು ಅಂತರದಲ್ಲಿ ಸೊನ್ನೆಗೆ ಇಳಿಯುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ನೆಲ ಒಂದೇ ಸೆಂಟಿಮೀಟರ್ ತಗ್ಗಿದರೆ ದೇಹದ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು ಇನ್ನೂರು ಪಟ್ಟು. ಹತ್ತು ಸೆಂಟಿಮೀಟರ್ ತಗ್ಗಿದರೆ ಇಪ್ಪತ್ತು ಪಟ್ಟು. ಬಿದ್ದ ಎತ್ತರ ಅದೇ, ಬಿದ್ದ ಮಗುವೂ ಅದೇ. ಒಂದು ಸಲ ಅತ್ತು ಎದ್ದು ಓಡುತ್ತದೆ, ಇನ್ನೊಂದು ಸಲ ಆಂಬುಲೆನ್ಸ್ ಬೇಕಾಗುತ್ತದೆ. ತಲೆಗೆ ತಟ್ಟುವ ಆಘಾತ ಯಾವ ಕ್ಷಣಕ್ಕೂ ಗುರುತ್ವದ ಇನ್ನೂರು ಪಟ್ಟು ಮೀರಬಾರದು ಎಂದು ಅಂತರರಾಷ್ಟ್ರೀಯ ಮಾನದಂಡಗಳು ಗೆರೆ ಎಳೆದಿರುವುದು ಇದಕ್ಕೇ.

ಕಾಂಕ್ರೀಟು, ಪೇವರ್ಸ್, ಪರಸಿ ಕಲ್ಲು ಒಂದು ಮಿಲಿಮೀಟರ್ ಕೂಡ ತಗ್ಗುವುದಿಲ್ಲ. ಅಂಗಳ ಚೆಂದ ಕಾಣಲೆಂದು ಜೋಕಾಲಿಯ ಬುಡದವರೆಗೂ ಪೇವರ್ಸ್ ಹಾಸುವುದು ಕಣ್ಣಾರೆ ಕಂಡು ಮಾಡುವ ತಪ್ಪು. ಮಣ್ಣಾದರೆ ಪರವಾಗಿಲ್ಲ ಎನ್ನುವವರಿದ್ದಾರೆ. ನಮ್ಮ ಕಡೆಯ ಎರಿ ಮಣ್ಣಿನ ಗುಣ ನೋಡಿ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೇರಳ. ಪದರು ಪದರಾದ ಅದರ ಕಣಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಸಬಹುದು, ಆದರೆ ಬಿರುಕುಗಳ ನಡುವಿನ ಹೆಂಟೆ ಸುತ್ತಿಗೆಗೂ ಸುಲಭಕ್ಕೆ ಬಗ್ಗದು. ಮಸಾರಿ ನೆಲವೂ ನೂರಾರು ಕಾಲುಗಳ ತುಳಿತಕ್ಕೆ ಗಟ್ಟಿಯಾಗುತ್ತದೆ. ಹುಲ್ಲು ಬೆಳೆಸಿದರೆ ಜೋಕಾಲಿಯ ಕೆಳಗೆ, ಬೇಕಾದ ಜಾಗದಲ್ಲೇ ಅದು ಮೊದಲು ಸವೆದು ಹೋಗುತ್ತದೆ.

ನೆಲ ಸಡಿಲವಿದ್ದಷ್ಟೂ ಪೆಟ್ಟು ಕಡಿಮೆ ಎಂಬ ಈ ವಿಜ್ಞಾನವನ್ನು ನಮ್ಮ ಪೈಲ್ವಾನರು ಬಹಳ ಹಿಂದೆಯೇ ಅರಿತಿದ್ದರು. ಗರಡಿಮನೆಯ ಮಟ್ಟಿಯನ್ನು ದಿನವೂ ಸಲಿಕೆಯಿಂದ ಅಗೆದು, ತಿರುವಿ, ಸಡಿಲ ಮಾಡಿದ ಮೇಲೆಯೇ ಕುಸ್ತಿ. ಎತ್ತಿ ಒಗೆದರೂ ಎಲುಬು ಮುರಿಯದಿರಲು ಆ ಸಡಿಲ ಮಣ್ಣೇ ಕಾರಣ. ಮಕ್ಕಳ ಅಂಗಳಕ್ಕೂ ಬೇಕಾದದ್ದು ಅಂಥ ನೆಲವೇ, ಮಣ್ಣಿನ ಬದಲು ಉಸುಕು.

ಉಸುಕೇ ಏಕೆ? ಕೆನಡಾದ ಟೊರಾಂಟೊ ನಗರದ ಶಾಲೆಗಳಲ್ಲಿ ಕೆಲವು ಅಂಗಳಗಳಿಗೆ ಗ್ರಾನೈಟ್ ಉಸುಕು, ಕೆಲವಕ್ಕೆ ಕಟ್ಟಿಗೆಯ ಚೂರು ಹಾಕಿ, ಬಿದ್ದ ಮಕ್ಕಳ ಕೈಮುರಿತದ ಲೆಕ್ಕ ಇಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಟ್ಟಿಗೆ ಚೂರಿನ ಅಂಗಳದಲ್ಲಿ ಕೈ ಮುರಿಯುವ ಸಂಭವ ಉಸುಕಿನ ಅಂಗಳಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಬೀಳುವ ಮಗು ಮೊದಲು ಕೈ ಊರುತ್ತದೆ. ಉಸುಕಿನಲ್ಲಿ ಊರಿದ ಕೈ ಜಾರಿ ಮುಂದೆ ಹೋಗುತ್ತದೆ, ಕಟ್ಟಿಗೆಯ ನಾರು ಅದನ್ನು ಹಿಡಿದು ನಿಲ್ಲಿಸುತ್ತದೆ. ಆಗ ಇಡೀ ಮೈಯ ಭಾರ ಮುಂಗೈಯ ಮೇಲೆ ಬೀಳುತ್ತದೆ. ನಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ದುಬಾರಿ ರಬ್ಬರ್ ಹಾಸು ತರಿಸಲಾಗದ ಊರಿಗೂ ಉಸುಕು ಎಟಕುತ್ತದೆ.

ಆದರೆ ಎಂಥ ಉಸುಕು ಎನ್ನುವುದು ಮುಖ್ಯ. ಯುರೋಪಿನ ಇಎನ್ 1176 ಮಾನದಂಡ ಹೇಳುವುದು ಮಣ್ಣು ಜೇಡಿ ಇಲ್ಲದಂತೆ ತೊಳೆದ ಉಸುಕು. ಕಲ್ಲುಪುಡಿ ಬೆರೆತ ಎಂ-ಸ್ಯಾಂಡ್ ಮೂರು ಮಳೆಗೆ ಅದುಮಿಕೊಂಡು ಗಟ್ಟಿಯಾಗುತ್ತದೆ. ಗೋಡೆಗೆ ಅದು ಒಳ್ಳೆಯದು, ಮಕ್ಕಳಿಗಲ್ಲ. ಎರಡು ಮೀಟರ್ ಎತ್ತರದವರೆಗೆ 20 ಸೆಂ.ಮೀ., ಮೂರು ಮೀಟರ್‌ವರೆಗೆ 30 ಸೆಂ.ಮೀ. ಆಳ ಬೇಕು. ಕಾಲಿನಿಂದ ಅತ್ತಿತ್ತ ಚದುರುವುದಕ್ಕೆಂದು ಮೇಲೆ ಇನ್ನೂ 10 ಸೆಂ.ಮೀ. ಸೇರಿಸಬೇಕು. ಮೂರು ಮೀಟರ್‌ಗಿಂತ ಎತ್ತರದಿಂದ ಮಗು ಬೀಳುವಂಥ ಸಾಮಾನನ್ನು ಆ ಮಾನದಂಡ ಒಪ್ಪುವುದೇ ಇಲ್ಲ. ಎರಿ ನೆಲದಲ್ಲಿ ಬರಿಯ ಗುಂಡಿ ತೋಡಿ ಉಸುಕು ಸುರಿದರೆ ಮೊದಲ ಮಳೆಗೇ ಅದು ಹೊಂಡವಾಗುತ್ತದೆ, ಏಕೆಂದರೆ ಜೇಡಿ ನೀರನ್ನು ಕೆಳಗೆ ಬಿಡದು. ಕೆಳಗೆ ಜಲ್ಲಿಯ ಪದರು, ನೀರು ಹೊರಹೋಗಲು ಪೈಪು, ಜಲ್ಲಿ ಮತ್ತು ಉಸುಕು ಬೆರೆಯದಂತೆ ನಡುವೆ ನೀರು ಸೋಸುವ ಬಟ್ಟೆ ಬೇಕು.

ಎರಿಯ ಕಾಟ ಇಷ್ಟಕ್ಕೇ ಮುಗಿಯದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ನೆಲ ಜೋಕಾಲಿಯ ಕಂಬವನ್ನು ಎತ್ತುತ್ತದೆ, ಇಳಿಸುತ್ತದೆ, ನಿಧಾನಕ್ಕೆ ವಾಲಿಸುತ್ತದೆ. ಮನೆಯ ಅಡಿಪಾಯಕ್ಕೆ ಎರಿ ತೆಗೆದು ಗರಸು ತುಂಬುವ ಗೌಂಡಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಜೋಕಾಲಿ ಎಂದ ಕೂಡಲೇ ಎರಡಡಿ ಗುಂಡಿ ಸಾಕು ಎನ್ನುತ್ತೇವೆ. ಲೆಕ್ಕ ಹಾಕಿ: ಜೋಕಾಲಿ 60 ಡಿಗ್ರಿವರೆಗೆ ಏರಿ ಇಳಿದರೆ, ತಳದ ಬಿಂದುವಿನಲ್ಲಿ ಸರಪಳಿ ಎಳೆಯುವ ಬಲ ಕೂತವರ ತೂಕದ ಎರಡು ಪಟ್ಟು. ಇಬ್ಬರು ದೊಡ್ಡ ಹುಡುಗರು ನಿಂತು ಜೀಕಿದರೆ ಕಂಬಕ್ಕೆ ನಾಲ್ವರ ಭಾರ, ಅದೂ ಹಿಂದೆ ಮುಂದೆ ಅಲುಗುವ ಭಾರ. ಅಡಿಪಾಯದ ಕಾಂಕ್ರೀಟಿನ ನೆತ್ತಿ ಉಸುಕಿನಲ್ಲಿ ಆಳವಾಗಿ ಹೂತಿರಬೇಕು. ಹೊರಗೆ ಇಣುಕಿದರೆ ಮಗುವಿನ ತಲೆ ಮೊದಲು ಅದಕ್ಕೇ ತಾಗುತ್ತದೆ.

ಜೋಕಾಲಿಯ ಮುಂದೆ ಹಿಂದೆ, ಅದನ್ನು ತೂಗುಹಾಕಿದ ಎತ್ತರದ ಎರಡು ಪಟ್ಟು ಜಾಗ ಖಾಲಿ ಬಿಡಬೇಕು. ಜಾಗ ಸಾಲದಿದ್ದರೆ ಎರಡರ ಬದಲು ಒಂದೇ ಜೋಕಾಲಿ ಇರಲಿ. ಹಲಗೆ ಕಬ್ಬಿಣದ್ದು ಬೇಡ, ಮೆತ್ತನೆ ರಬ್ಬರಿನದು ಇರಲಿ, ಏಕೆಂದರೆ ಎದುರು ಓಡಿಬರುವ ಚಿಕ್ಕ ಮಕ್ಕಳ ಹಣೆಯ ಎತ್ತರದಲ್ಲೇ ಅದು ಬೀಸುತ್ತಿರುತ್ತದೆ. ಕಟಕಟೆಯ ಸರಳುಗಳ ಸಂದು 9 ಸೆಂ.ಮೀ.ಗಿಂತ ಕಿರಿದಾಗಿರಬೇಕು, ಇಲ್ಲವೇ 23 ಸೆಂ.ಮೀ.ಗಿಂತ ಅಗಲ. ಇವೆರಡರ ನಡುವಿನ ಅಳತೆಯಲ್ಲಿ ಮಗುವಿನ ಕಾಲು, ಮೈ ನುಸುಳುತ್ತವೆ, ತಲೆ ಸಿಕ್ಕಿಕೊಳ್ಳುತ್ತದೆ, ಮೈ ಕೆಳಗೆ ಜೋತು ಬೀಳುತ್ತದೆ. ಹೆಣ್ಣುಮಕ್ಕಳ ವೇಲು, ಕೊರಳ ತಾಯಿತದ ದಾರ ಜಾರುಬಂಡಿಯ ಮೇಲಿನ ಬೋಲ್ಟಿಗೆ ತೊಡರಿದರೆ ಉರುಲಾಗುತ್ತದೆ. ಆಟಕ್ಕೆ ಬಿಡುವ ಮೊದಲು ವೇಲು ಬಿಚ್ಚಿಸಿ ಇಡುವುದು ಶಿಕ್ಷಕಿಯರಿಗೆ ಅರ್ಧ ನಿಮಿಷದ ಕೆಲಸ.

ಬಿಸಿಲು ವಿಜಯಪುರ ಜಿಲ್ಲೆಯವರಿಗೆ ಗೊತ್ತಿಲ್ಲದ್ದಲ್ಲ. ಗಾಳಿಯೇ 40 ಡಿಗ್ರಿ ದಾಟಿದ ದಿನ ಬಿಸಿಲಿಗೆ ಬಿದ್ದ ಜಾರುಬಂಡಿಯ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಕಬ್ಬಿಣ ಕಟ್ಟಿಗೆಗಿಂತ ನೂರಾರು ಪಟ್ಟು ಬೇಗ ಶಾಖವನ್ನು ದಾಟಿಸುವುದರಿಂದ ಮಗುವಿನ ತೆಳು ಚರ್ಮ ಕೆಲವೇ ಸೆಕೆಂಡಿನಲ್ಲಿ ಸುಟ್ಟೀತು. ಎರಡು ವರ್ಷದೊಳಗಿನ ಕೂಸಿಗೆ ಸುಟ್ಟಾಗ ಥಟ್ಟನೆ ಎದ್ದು ಸರಿಯಲೂ ತಿಳಿಯದು. ಕಪ್ಪು ರಬ್ಬರ್ ಹಾಸೂ ಹೀಗೇ ಕಾಯುತ್ತದೆ. ಜಾರುಬಂಡಿಯ ಮುಖ ಉತ್ತರಕ್ಕಿರಲಿ, ಪಡುವಲಿಗೆ ಬೇವು ಅಥವಾ ಹೊಂಗೆ ನೆಡಿ.

ನಿಲ್ಲಿಸುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ಪ್ರತಿ ವಾರದ್ದು. ಕಂಬ ಸಾಮಾನ್ಯವಾಗಿ ಮೊದಲು ತುಕ್ಕು ಹಿಡಿಯುವುದು ನೆಲ ಸೇರುವ ಜಾಗದಲ್ಲಿ, ನೀರು ಅಲ್ಲೇ ನಿಲ್ಲುವುದರಿಂದ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಬಣ್ಣ ಗುಳ್ಳೆಯಂತೆ ಏಳುತ್ತದೆ. ಆ ಗುಳ್ಳೆಯನ್ನು ಉಗುರಿನಿಂದ ಕೆರೆದು, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕೊಳವೆ ಖಣಖಣ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಸರಪಳಿಯ ಎಸ್ ಆಕಾರದ ಕೊಂಡಿಯ ಬಾಯಿ ಒಂದು ಮಿ.ಮೀ. ತೆರೆದಿದ್ದರೂ ಬಡಿದು ಮುಚ್ಚಬೇಕು. ಉಸುಕನ್ನು ಕೆದರಿ ಸಡಿಲ ಮಾಡಬೇಕು, ಜೋಕಾಲಿಯ ಕೆಳಗಿನ ತಗ್ಗು ತುಂಬಬೇಕು, ಗಾಜಿನ ಚೂರು, ನಾಯಿಯ ಹೊಲಸು ಹೆಕ್ಕಬೇಕು. ಬರಿಯ ಬಣ್ಣ ಬಳಿಯುವುದನ್ನು ನಿರ್ವಹಣೆ ಎನ್ನಲಾಗದು, ಅದು ತುಕ್ಕನ್ನು ಮುಚ್ಚಿಡುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಕಳಚಿ ಮೈಮೇಲೆ ಬಿದ್ದು ಬಾಲಕನೊಬ್ಬ ತೀರಿಕೊಂಡ. ಅಂಗಳ ಎಂದರೆ ಅದರ ಗೇಟು, ಕಾಂಪೌಂಡು, ವಿದ್ಯುತ್ ಕಂಬ ಎಲ್ಲವೂ ಸೇರಿಯೇ ಎಂಬುದನ್ನು ಆ ಸಾವಿನ ನಂತರವಾದರೂ ನಾವು ಮರೆಯಬಾರದು.

"ಬಿದ್ದು ಎದ್ರನ ಮಕ್ಳು ಗಟ್ಟಿ ಆಗ್ತಾವ" ಎನ್ನುತ್ತಾರೆ ಹಿರಿಯರು. ನಿಜ. ಏರಬೇಕು, ಹೆದರಬೇಕು, ಮೊಣಕಾಲು ತರಚಿಕೊಳ್ಳಬೇಕು. ಅಪಾಯಕ್ಕೆ ಅಂಜಿ ಜೋಕಾಲಿಯನ್ನೇ ಕಿತ್ತುಹಾಕುವುದು ಮಕ್ಕಳಿಗೆ ಮಾಡುವ ಇನ್ನೊಂದು ಅನ್ಯಾಯ. ಆದರೆ ತರಚಿದ ಮೊಣಕಾಲು ವಾರದಲ್ಲಿ ವಾಸಿಯಾಗುತ್ತದೆ, ತಲೆಗೆ ಬಿದ್ದ ಪೆಟ್ಟು ಹಾಗಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಲೇಬೇಕೆಂದು ಬರೆದಿದೆ. ಆ ಮೈದಾನದ ಜೋಕಾಲಿಯನ್ನು ವಾರಕ್ಕೊಮ್ಮೆ ತಟ್ಟಿ ನೋಡಲು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರಿಗೆ ಯಾವ ಆದೇಶವೂ ಬೇಕಿಲ್ಲ. ನಾಲತವಾಡದ ಪಟ್ಟಣ ಪಂಚಾಯಿತಿಯಿರಲಿ, ನಿಮ್ಮೂರಿನ ಗ್ರಾಮ ಪಂಚಾಯಿತಿಯಿರಲಿ, ಮಕ್ಕಳ ಆಟದ ಸಾಮಾನು ಮಂಜೂರಾಯಿತೆಂದು ತಿಳಿದ ದಿನವೇ ಹೋಗಿ ಅಂದಾಜು ಪಟ್ಟಿ ಕೇಳಿ ಓದಿ. ತೊಳೆದ ಉಸುಕು, ಅದರ ಆಳ, ವರ್ಷ ವರ್ಷದ ನಿರ್ವಹಣೆಯ ಹಣ ಅದರಲ್ಲಿ ಕಾಣದಿದ್ದರೆ, ಅವನ್ನು ಸೇರಿಸಿದ ಮೇಲೆಯೇ ಕೆಲಸ ಶುರುಮಾಡಿ ಎಂದು ಅರ್ಜಿ ಬರೆದುಕೊಡಿ.