ಎರಡು ಭಾಷೆಯ ಪುಟಕ್ಕೆ ಓದಲು ಬರುವ ಮಾರ್ಕಪ್

ಕಾಸರಗೋಡಿನಲ್ಲಿ ನಾನು ನೋಡುವ ಜಾಲಪುಟಗಳಲ್ಲಿ ಕನ್ನಡ, ಮಲಯಾಳ ಎರಡೂ ಉಂಟು. ಪರದೆಯ ಮೇಲೆ ಎಲ್ಲ ಚಂದವೇ. ಒಳಗಿನ ಎಚ್‌ಟಿಎಂಎಲ್ ತೆರೆದು ನೋಡಿ: ಡಿವ್ ಒಳಗೆ ಡಿವ್, ಅದರೊಳಗೆ ಇನ್ನೊಂದು ಡಿವ್, 'ಬಾಕ್ಸ್2', 'ರೆಡ್' ಎಂಬ ಕ್ಲಾಸ್ ಹೆಸರುಗಳು. ಬರೆದವರು ಕೆಲಸ ಹುಡುಕಿ ಊರು ಬಿಟ್ಟ ಮೇಲೆ ಒಂದು ಕಾಗುಣಿತ ತಿದ್ದಲಿಕ್ಕೂ ಉಳಿದವರಿಗೆ ಧೈರ್ಯ ಬರುವುದಿಲ್ಲ.

ರಿಫ್ಯಾಕ್ಟರಿಂಗ್ ಅಂದರೆ ಹೊರಗೆ ಕಾಣುವುದನ್ನು ಹಾಗೆಯೇ ಉಳಿಸಿ ಒಳಗಿನ ಬರವಣಿಗೆಯನ್ನು ಸರಿಪಡಿಸುವುದು. 2014ರಲ್ಲಿ ಡಬ್ಲ್ಯು3ಸಿ ಶಿಫಾರಸಾದ ಎಚ್‌ಟಿಎಂಎಲ್5ರಲ್ಲಿ ಹೆಡರ್, ನ್ಯಾವ್, ಮೇನ್, ಆರ್ಟಿಕಲ್ ಟ್ಯಾಗ್‌ಗಳಿವೆ. ಅವನ್ನು ಬಳಸಿದರೆ ಮೆನು ಎಲ್ಲಿ, ಲೇಖನ ಎಲ್ಲಿ ಅಂತ ಹೊಸಬರಿಗೂ ಗೊತ್ತಾಗ್ತದೆ. 'ರೆಡ್' ಇದ್ದಲ್ಲಿ 'ನೋಟಿಸ್' ಅಂತಿರಲಿ, ಸಿಎಸ್‌ಎಸ್‌ನಲ್ಲೂ ಹಾಗೆಯೇ; ನಾಳೆ ಬಣ್ಣ ನೀಲಿಯಾದರೂ ಹೆಸರು ಸುಳ್ಳಾಗುವುದಿಲ್ಲ.

ನಮ್ಮಂಥ ಗಡಿಯವರಿಗೆ ಇದಕ್ಕಿಂತ ಮುಖ್ಯವಾದದ್ದು ಲ್ಯಾಂಗ್ ಆಟ್ರಿಬ್ಯೂಟ್. ಟೆಂಪ್ಲೇಟಿನಲ್ಲಿ ಬಂದ 'ಇಎನ್' ಎಷ್ಟೋ ಕಡೆ ಹಾಗೇ ಉಳಿದಿರ್ತದೆ, ಪುಟದಲ್ಲಿ ಇಂಗ್ಲಿಷ್ ಒಂದು ಸಾಲು ಇಲ್ಲದಿದ್ದರೂ! ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಈ ಗುರುತು ನೋಡಿ ದನಿ ಆರಿಸ್ತದೆ. ಆದ್ದರಿಂದ ಕನ್ನಡ ಭಾಗಕ್ಕೆ 'ಕೆಎನ್', ಮಲಯಾಳ ಭಾಗಕ್ಕೆ 'ಎಂಎಲ್' ಹಾಕಬೇಕು. ಇದರಿಂದ ಇನ್ನೊಂದು ಲಾಭ. ಕನ್ನಡ ಲಿಪಿ ಬಾರದ ಹುಡುಗನೊಬ್ಬ ನಾಳೆ ಈ ಪುಟ ನೋಡಿಕೊಳ್ಳಬೇಕಾದರೂ ಯಾವ ಪ್ಯಾರಾ ಯಾವ ಭಾಷೆಯದ್ದು ಅಂತ ಕೋಡೇ ಹೇಳ್ತದೆ.

ಎಲ್ಲ ಒಮ್ಮೆಗೇ ಬದಲಿಸಬೇಡಿ. ಒಂದು ಭಾಗ ಬದಲಿಸಿ, ಹಳೆಯ ಸ್ಕ್ರೀನ್‌ಶಾಟಿನ ಜೊತೆ ಹೋಲಿಸಿ, ಆಮೇಲೆ ಮುಂದಿನದ್ದು. ಪುಟದ ವೇಗ ಹೆಚ್ಚುತ್ತದೆಯೇ ಅಂತ ಕೆಲವರು ಕೇಳ್ತಾರೆ. ಅದಕ್ಕಾಗಿ ಮಾಡುವ ಕೆಲಸವಲ್ಲ ಇದು.